ಮೀನು ಸಾಕುವ ಮುನ್ನ

ಸಾಕುಪ್ರಾಣಿಗಳಲ್ಲೆಲ್ಲ ಮೀನಿನಷ್ಟು ನಿರುಪದ್ರವಿ ಇನ್ನೊಂದಿಲ್ಲವೆಂಬುದು ಲೋಕದ ನಂಬಿಕೆ. ಅದು ಬೊಗಳುವುದಿಲ್ಲ, ನೆರೆಮನೆಯ ಹಾಲು ಕುಡಿದು ನಮಗೆ ಜಗಳ ತರುವುದಿಲ್ಲ, ಹುಲ್ಲು ಹಿಂಡಿಗಳ ಗೊಡವೆ ಅದಕ್ಕಿಲ್ಲ, ನಾವು ಊರಿಗೆ ಹೊರಟರೆ ಬಸ್ಸಿನವರೆಗೆ ಬೆನ್ನ ಹಿಂದೆ ಬರುವುದಿಲ್ಲ. ಒಂದು ಗಾಜಿನ ಪೆಟ್ಟಿಗೆ, ಅದರ ತುಂಬ ನೀರು, ದಿನಕ್ಕೆರಡು ಚಿಟಿಕೆ ಆಹಾರ, ಇಷ್ಟಾದರೆ ಸಾಕೆಂದು ಅಂಗಡಿಯವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. ನಂಬಿದ ಎಂಟನೆಯ ದಿನ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಆಮೇಲೆ ಪೆಟ್ಟಿಗೆ ಅಟ್ಟ ಸೇರುತ್ತದೆ. ಹಳೆಯ ಪಂಚಾಂಗಗಳಿಗೂ ತುಕ್ಕು ಹಿಡಿದ ಕೊಡೆಕಡ್ಡಿಗಳಿಗೂ ಅದು ಮನೆಯಾಗುತ್ತದೆ. ನಾನು ಬಲ್ಲ ಮನೆಗಳಲ್ಲಿ ಮೂರರ ಅಟ್ಟದ ಮೇಲಾದರೂ ಇಂಥ ಪೆಟ್ಟಿಗೆಗಳಿವೆ.

ಅವುಗಳಲ್ಲೊಂದು ಕಳೆದ ಚೈತ್ರದಲ್ಲಿ ತ್ರಾಸಿಯ ನಮ್ಮ ಮನೆಗೆ ಬಂತು. ಬೆಂಗಳೂರಿನ ನೆಂಟರೊಬ್ಬರು ಮನೆ ಬದಲಾಯಿಸುವಾಗ ಭಾರ ಕಡಮೆ ಮಾಡಿಕೊಳ್ಳುವ ಸಲುವಾಗಿ ನನ್ನ ಮಗಳಿಗೆ ಅದನ್ನು ಪ್ರೀತಿಯ ಕಾಣಿಕೆಯೆಂದು ದಯಪಾಲಿಸಿದರು. ಚಾವಡಿಯಲ್ಲಿ ಇಳಿಸಿದ ಪೆಟ್ಟಿಗೆಯನ್ನು ಅಪ್ಪಯ್ಯ ಆರಾಮಕುರ್ಚಿಯಿಂದಲೇ ನೋಡಿ, "ಒಂದ್ ಬದಿ ಕಡಲ್, ಇನ್ನೊಂದ್ ಬದಿ ಹೊಳಿ. ನಡೂಕೆ ಇದೊಂದ್ ಎಂತಕೆ?" ಎಂದರು.

ಪ್ರಶ್ನೆ ನ್ಯಾಯವಾದದ್ದೇ. ತ್ರಾಸಿಯಿಂದ ಮರವಂತೆಯ ಕಡೆಗೆ ಹೆದ್ದಾರಿಯಲ್ಲಿ ಹೋದವರೆಲ್ಲ ಬಲ್ಲರು: ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ, ನಡುವೆ ಒಂದು ರಸ್ತೆ. ಕೊಲ್ಲೂರನ್ನು ಹಾದು ಬಂದ ಹೊಳೆ ಕಡಲಿಗೆ ಕೂಗಳತೆಯಷ್ಟು ಹತ್ತಿರ ಬಂದು, ಮರೆತದ್ದೇನನ್ನೋ ನೆನೆಸಿಕೊಂಡವಳಂತೆ ತಿರುಗಿ, ಗಂಗೊಳ್ಳಿಯವರೆಗೆ ಸುತ್ತಿ ಅಲ್ಲಿ ಕಡಲು ಸೇರುತ್ತದೆ. ಇಂಥ ಊರಿನಲ್ಲಿ ಕುಳಿತು ಗಾಜಿನ ಪೆಟ್ಟಿಗೆಯಲ್ಲಿ ಮೀನು ನೋಡುವುದೆಂದರೆ ತೋಟದ ನಡುವೆ ಕಾಗದದ ಹೂವು ಇಟ್ಟುಕೊಂಡ ಹಾಗೆ. ಆದರೆ ಹದಿಮೂರು ವರ್ಷದ ನನ್ನ ಮಗಳ ಉತ್ತರವೂ ನ್ಯಾಯವಾದದ್ದೇ: "ಅಜ್ಜಯ್ಯ, ಬೇಸಿಗೆಯಲ್ಲಿ ಎರಡೂ ಉಪ್ಪು. ಇದು ಸಿಹಿನೀರಿನ ಮೀನಿಗೆ." ಭರತ ಬಂದಾಗ ಉಪ್ಪುನೀರು ಹೊಳೆಯಲ್ಲಿ ಮೇಲೇರುವುದನ್ನು ಕಂಡ ಅಪ್ಪಯ್ಯನಿಗೆ ಇದಕ್ಕೆ ಎದುರು ಮಾತಿರಲಿಲ್ಲ. ಅಮ್ಮ ತೀರಿಕೊಂಡ ಎರಡು ವರ್ಷಗಳಿಂದ ಅವರು ಯಾವ ಮಾತಿಗೂ ಎದುರಾಡುತ್ತಿರಲಿಲ್ಲವೆನ್ನಿ. ಮಾತೇ ಕಡಮೆಯಾಗಿತ್ತು.

ಪೆಟ್ಟಿಗೆಯ ಜೊತೆಗೆ ನೆಂಟರು ತಮ್ಮ ಮೀನುಗಳ ಮರಣವಾರ್ತೆಯನ್ನೂ ಕಳಿಸಿದ್ದರು. ಶನಿವಾರ ನಲ್ಲಿ ನೀರು ತುಂಬಿಸಿ, ಅಂದೇ ಸಂಜೆ ಅಂಗಡಿಯವನ ಮಾತಿನಂತೆ ನಾಲ್ಕು ಗೋಲ್ಡ್‌ಫಿಶ್ ಬಿಟ್ಟರು. ವಾರದಲ್ಲಿ ನೀರು ನಾತ ಹೊಡೆಯಿತು. ಮರುಭಾನುವಾರ ಎಲ್ಲವನ್ನೂ ಸಾಬೂನು ಹಾಕಿ ತಿಕ್ಕಿ ಹೊಸ ನೀರು ತುಂಬಿದರು. ಮಂಗಳವಾರಕ್ಕೆ ನಾಲ್ಕೂ ಹೋದವು. ಕೊಳಕಿನಿಂದ ಸತ್ತವೆಂದು ಅವರ ತೀರ್ಮಾನ. ಶುಚಿಯಿಂದ ಸತ್ತವೆಂದರೆ ನಿಜಕ್ಕೆ ಹೆಚ್ಚು ಹತ್ತಿರ.

ನಾನು ಹಳಗನ್ನಡ ಪಾಠ ಹೇಳುವ ಮೇಷ್ಟರು. ಮತ್ಸ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಮಗಳ ಜೊತೆ ಓದಿದ್ದರಿಂದಲೂ, ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರನ್ನು ಕಾಡಿದ್ದರಿಂದಲೂ ತಿಳಿದುಬಂದದ್ದು ಇದು. ಮೀನು ತನ್ನ ಕಿವಿರುಗಳಿಂದ ಅಮೋನಿಯವನ್ನು ಹೊರಹಾಕುತ್ತದೆ. ಹೊಳೆಯಲ್ಲಾದರೆ ಅದು ಹರಿದುಹೋಗುತ್ತದೆ. ಪೆಟ್ಟಿಗೆಯಲ್ಲಿ ಕೂಡಿಕೊಂಡು, ಹಾಕಿದ ಮೀನಿಗೇ ವಿಷವಾಗುತ್ತದೆ. ಕಣ್ಣಿಗೆ ಕಾಣದ ಒಂದು ಜಾತಿಯ ಜೀವಾಣುಗಳು ಅಮೋನಿಯವನ್ನು ತಿಂದು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟಾಗಿ ಮಾರ್ಪಡಿಸುತ್ತದೆ. ಇದನ್ನು ಮೀನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ, ಗಿಡಗಳು ಗೊಬ್ಬರವಾಗಿ ಹೀರಿಕೊಳ್ಳುತ್ತವೆ. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಎರಡು ಮೀನು, ಒಂದು ಜಲಸಸ್ಯ, ಕೆಲವು ಬಸವನಹುಳುಗಳನ್ನು ಒಟ್ಟಿಗಿಟ್ಟು, ಒಂದರ ಕಸ ಇನ್ನೊಂದರ ಊಟವಾಗುವುದನ್ನು ವರದಿ ಮಾಡಿದ. ಆದರೆ ಅವನ ಪಾತ್ರೆಯಲ್ಲಿ ಅವನಿಗೆ ಕಾಣದ ಅತಿಥಿಗಳೂ ಇದ್ದರು. ಆ ಜೀವಾಣುಗಳನ್ನು ರಷ್ಯದ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ಗುರುತಿಸುವಾಗ 1890 ಆಗಿತ್ತು. ಎರಡು ಕೆಲಸವನ್ನೂ ಒಬ್ಬನೇ ಮಾಡಬಲ್ಲ ಜೀವಾಣುವೂ ಉಂಟೆಂದು ಗೊತ್ತಾದದ್ದು 2015ರಲ್ಲಿ. ಇವು ನೆಲೆಸುವುದು ಮರಳಿನ ಮೇಲೆ, ಶೋಧಕದ ಸ್ಪಂಜಿನ ಒಳಗೆ. ನೆಂಟರ ಸಾಬೂನು ತೊಳೆದದ್ದು ಇವನ್ನೇ.

ಆದುದರಿಂದ ನಮ್ಮ ಪೆಟ್ಟಿಗೆಗೆ ಮೊದಲು ಬರಬೇಕಾದವರು ಮೀನುಗಳಲ್ಲ. ಇದನ್ನು ಕೇಳಿದ ಮಗಳ ಮುಖ ಸಣ್ಣದಾಯಿತು. ಆದರೂ ಕೆಲಸಕ್ಕೆ ತೊಡಗಿದೆವು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಪೆಟ್ಟಿಗೆ. ತುಂಬಿಸಿದರೆ ಸುಮಾರು 54 ಲೀಟರು, ಅಂದರೆ ನೀರೇ 54 ಕಿಲೋ. ಮೇಜಿನ ಕಾಲು ಗಟ್ಟಿಯಿರಬೇಕು, ಮೈ ಸಮವಾಗಿರಬೇಕು, ಕೆಳಗೊಂದು ಥರ್ಮೊಕೋಲ್ ಹಲಗೆ ಇರಬೇಕು. ಪಡುವಣ ಬಿಸಿಲು ಬೀಳುವ ಕಿಟಕಿ ಬೇಡ. ನೀರು ಕಾಯುತ್ತದೆ, ಪಾಚಿ ಕಟ್ಟುತ್ತದೆ. ವಿದ್ಯುತ್ತಿನ ತಂತಿ ಮೊದಲು ಕೆಳಗೆ ಜೋತು ಆಮೇಲೆ ಪ್ಲಗ್ಗಿಗೆ ಏರಬೇಕು. ಆಗ ತಂತಿಗುಂಟ ಇಳಿದ ನೀರು ನೆಲಕ್ಕೆ ಬೀಳುತ್ತದೆ, ಪ್ಲಗ್ಗಿಗಲ್ಲ. ಬೀಚಿನ ಮರಳಿನಲ್ಲಿ ಉಪ್ಪಿರುವುದರಿಂದ ಹೊಳೆಮರಳನ್ನು ತಂದು, ಅಕ್ಕಿ ತೊಳೆದಂತೆ ನೀರು ತಿಳಿಯಾಗುವವರೆಗೆ ತೊಳೆದೆವು. ನೀರು ನಮ್ಮ ಬಾವಿಯದು. ಮುರಕಲ್ಲಿನ ನೆಲದ ಬಾವಿಯ ನೀರು ಮೆದು. ಸುಣ್ಣದಂಶ ಕಡಮೆ, ತುಸು ಆಮ್ಲೀಯ. ಅಂಥ ನೀರಿನಲ್ಲಿ ಜೀವಾಣುಗಳ ಕೆಲಸ ನಿಧಾನ. ಅದಕ್ಕೆ ಮದ್ದು ಅಂಗಡಿಯ ಸೀಸೆಯಲ್ಲಿ ಸಿಗುತ್ತದೆ. ತ್ರಾಸಿಯ ಮರಳಿನ ಮೇಲೆ ಪುಕ್ಕಟೆ ಬಿದ್ದಿದೆ. ಒಂದು ಹಿಡಿ ಚಿಪ್ಪು ಆಯ್ದು, ಕುದಿಸಿ ತೊಳೆದು ಶೋಧಕದ ಬಳಿ ಇಟ್ಟೆವು. ಚಿಪ್ಪಿನ ಸುಣ್ಣ ಮೆಲ್ಲನೆ ಕರಗಿ ನೀರಿನ ಹುಳಿಯನ್ನು ತಗ್ಗಿಸುತ್ತದೆ. ಅಪ್ಪಯ್ಯ ಹೇಳಿದ ಕಡಲೂ ಹೀಗೆ ಪೆಟ್ಟಿಗೆಗೆ ಒದಗಿಬಂತು.

ಇನ್ನು ಕಾಯುವುದು. ಹಾಲಿಗೆ ಹೆಪ್ಪು ಹಾಕುವಂತೆ, ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ತಂದಿಟ್ಟರೆ ಕಾಯುವ ದಿನ ಕಡಮೆಯಾಗುತ್ತದೆ. ಪ್ರಾಣಿಶಾಸ್ತ್ರದ ಮಿತ್ರರ ತೊಟ್ಟಿಯಲ್ಲಿ ಆಗ ಮೀನುಗಳ ಮೈಮೇಲೆ ಬಿಳಿಚುಕ್ಕೆಯ ರೋಗವಿತ್ತು. ಹೆಪ್ಪಿನ ಜೊತೆ ರೋಗವೂ ಬಂದೀತೆಂದು ಅವರೇ ಬೇಡವೆಂದರು. ಉಳಿದದ್ದು ನಿಧಾನದ ದಾರಿ. ಮೀನೇ ಇಲ್ಲದ ನೀರಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕುವುದು. ಅದು ಕೊಳೆತು ಅಮೋನಿಯವಾಗುತ್ತದೆ. ಅದನ್ನು ತಿನ್ನಲು ಜೀವಾಣುಗಳು ತಾವಾಗಿ ಬಂದು ನೆಲೆಗೊಳ್ಳುತ್ತವೆ.

ಈ ಕೆಲಸವನ್ನು ಯಾರಿಗೆ ಒಪ್ಪಿಸುವುದು? ಮಗಳಿಗೆ ಖಾಲಿ ನೀರಿಗೆ ಅನ್ನ ಹಾಕುವುದು ನಗೆಪಾಟಲೆನಿಸಿತು, ನನ್ನವಳಿಗೆ ಪುರುಸೊತ್ತಿಲ್ಲ. ಅಪ್ಪಯ್ಯ ಏನೂ ಹೇಳದೆ ಎದ್ದು ಬಂದು ಡಬ್ಬಿಯನ್ನು ಕೈಗೆ ತೆಗೆದುಕೊಂಡರು. ಅಮ್ಮ ಹೋದಂದಿನಿಂದ ಅವರು ಊಟಕ್ಕೆ ಮೊದಲು ಬಾಳೆಲೆಯ ತುಂಡಿನಲ್ಲಿ ಒಂದು ತುತ್ತು ಅನ್ನವನ್ನು ಅಂಗಳದ ಕಟ್ಟೆಯ ಮೇಲೆ ಇಟ್ಟು ಬರುತ್ತಾರೆ. ಕಾಣದವರಿಗೆ ಉಣಬಡಿಸುವುದು ಅವರಿಗೆ ಹೊಸದಲ್ಲ. ಕಟ್ಟೆಯ ಮೇಲೆ ಅನ್ನ, ಪೆಟ್ಟಿಗೆಯಲ್ಲಿ ಚಿಟಿಕೆ. ಎರಡೂ ಒಂದೇ ಹೊತ್ತಿಗೆ ನಡೆಯತೊಡಗಿದವು.

ಮಗಳು ವಾರಕ್ಕೆರಡು ಸಲ ನೀರನ್ನು ಪರೀಕ್ಷಿಸಿ ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ನಾವು ತಂದ ಪರೀಕ್ಷೆಯ ಹನಿಗಳಲ್ಲಿ ಅಮೋನಿಯ ಇಲ್ಲದಿದ್ದರೆ ಹಳದಿ, ಹೆಚ್ಚಾದಷ್ಟೂ ಹಸಿರು. ಮೀನು ಹಿಡಿಯುವ ನೆರೆಯವರೊಬ್ಬರು ಇದನ್ನು ನೋಡಿ, "ನಾವ್ ಮೀನ್ ಎಣ್ಸೂದ್ ಬಲೆಗ್ ಬಿದ್ ಮೇಲೆ. ನೀವ್ ಮೀನ್ ಬಪ್ಪುಕ್ ಮುಂಚೆಯೇ ಲೆಕ್ಕ ಬರೀತ್ರಿ ಅಲ್ದಾ ಮಾಷ್ಟ್ರೆ!" ಎಂದು ನಕ್ಕರು.

ಎರಡನೆಯ ವಾರ ನೀರು ಬೆಳ್ಳಗಾಯಿತು. ಮಜ್ಜಿಗೆ ತೊಳೆದ ಪಾತ್ರೆಯ ಹಾಗೆ. ಬೆಂಗಳೂರಿನ ನೆಂಟರು, "ಎಲ್ಲ ಚೆಲ್ಲಿ ಹೊಸದಾಗಿ ಶುರುಮಾಡಿ" ಎಂದು ಫೋನಿನಲ್ಲಿ ಅಪ್ಪಣೆ ಕೊಟ್ಟರು. ನೀರಿನಲ್ಲಿ ತೇಲುವ ಬೇರೆ ಜೀವಾಣುಗಳು ಒಮ್ಮೆಗೇ ಹೆಚ್ಚುವುದರಿಂದ ಹೀಗಾಗುತ್ತದೆ. ಹೊಸ ತೊಟ್ಟಿಗಳಲ್ಲಿ ಸಾಮಾನ್ಯ. ಆಹಾರ ಕಡಮೆ ಮಾಡಿ ಸುಮ್ಮನಿದ್ದರೆ ತಾನಾಗಿ ಇಳಿಯುತ್ತದೆ. ಇದನ್ನು ನಾನು ಪುಸ್ತಕ ನೋಡಿ ವಿವರಿಸುತ್ತಿರುವಾಗ ಅಪ್ಪಯ್ಯ ಒಂದೇ ಮಾತಿನಲ್ಲಿ ಮುಗಿಸಿದರು: ಹೆಪ್ಪುಗಟ್ಟುವ ಪಾತ್ರೆಯನ್ನು ಅಲ್ಲಾಡಿಸಬಾರದು. ಐದು ದಿನಕ್ಕೆ ನೀರು ತಿಳಿಯಾಯಿತು. ಆಮೇಲೆ ಹಸಿರು ಏರಿ ಇಳಿಯಿತು, ನೈಟ್ರೈಟ್ ಏರಿತು, ಅದೂ ಇಳಿಯಿತು. "ಇವತ್ ಎಷ್ಟ್ ಬಂತ್?" ಎಂದು ಅಪ್ಪಯ್ಯ ಮೊಮ್ಮಗಳನ್ನು ಕೇಳುವುದು ರೂಢಿಯಾಯಿತು. ಆರನೆಯ ವಾರದ ಮೊದಲಲ್ಲಿ, ಆಹಾರ ಹಾಕಿದ ಮರುದಿನವೂ, ಎರಡೂ ಸೊನ್ನೆ.

ಆಗ ಮೀನಿನ ಪ್ರಶ್ನೆ. ಮನುವಿನ ಬೊಗಸೆಗೆ ಬಂದ ಮರಿಮೀನಿನ ಕಥೆ ಎಲ್ಲರಿಗೂ ಗೊತ್ತು. ಕೊಡದಲ್ಲಿಟ್ಟರೆ ಕೊಡ ಸಾಲದು, ಕೊಳ ಸಾಲದು, ಕಡೆಗೆ ಕಡಲಿಗೇ ಬಿಡಬೇಕಾಯಿತು. ಅಂಗಡಿಗಳಲ್ಲಿ ಆ ಮೀನಿನ ವಂಶಸ್ಥರು ಇಂದಿಗೂ ಇದ್ದಾರೆ. ಎರಡಂಗುಲದ ಚೆಲುವಾದ 'ಷಾರ್ಕ್' ಎಂದು ಮಾರುವ ಪಂಗಾಸಿಯಸ್ ಬೆಳೆದರೆ ಒಂದು ಮೀಟರನ್ನು ಮೀರುತ್ತದೆ. ಗಾಜಿಗೆ ಬಾಯಿ ಅಂಟಿಸಿಕೊಂಡಿರುವ 'ಸಕ್ಕರ್' ಒಂದಡಿ ದಾಟುತ್ತದೆ. ಪೆಟ್ಟಿಗೆಗೆ ತಕ್ಕ ಮೀನು ಕೊಳ್ಳಬೇಕೇ ಹೊರತು ಮೀನಿನ ಇಂದಿನ ಅಳತೆ ನೋಡಿ ಅಲ್ಲ. ನಾವು ಆರು ಜೀಬ್ರಾ ಡೇನಿಯೊಗಳನ್ನು ತಂದೆವು. ಒಂದೂವರೆ ಅಂಗುಲದ ಮೈ, ಉದ್ದಕ್ಕೂ ನೀಲಿ ಪಟ್ಟೆ. ನಮ್ಮ ದೇಶದ್ದೇ ಮೀನು, ಗಟ್ಟಿ ಜೀವ, ಗುಂಪಿನಲ್ಲಿದ್ದರೆ ಸುಖಿ. 1822ರಲ್ಲಿ ಇದನ್ನು ಮೊದಲು ವರ್ಣಿಸಿ ಹೆಸರಿಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಅವನ ಮೊದಲ ಹೆಸರು ಬುಕಾನನ್. ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಪ್ರವಾಸಕಥನ ಬರೆದ ಅದೇ ಬುಕಾನನ್. 1801ರಲ್ಲಿ ಕುಂದಾಪುರದಿಂದ ಬೈಂದೂರಿಗೆ ಇದೇ ಕರಾವಳಿಯಲ್ಲಿ ಅವನು ಹಾದುಹೋಗಿದ್ದ. ನಮ್ಮ ಅತಿಥಿಗಳ ನಾಮಕರಣದ ಪುರೋಹಿತರು ನಮ್ಮೂರ ದಾರಿ ತುಳಿದವರೇ ಎಂದು ನನಗೆ ಖುಷಿಯಾಯಿತು. ಮೀನಿನ ಚೀಲವನ್ನು ಅರ್ಧ ಗಂಟೆ ನೀರಿನಲ್ಲಿ ತೇಲಬಿಟ್ಟು, ನಮ್ಮ ನೀರನ್ನು ಸ್ವಲ್ಪ ಸ್ವಲ್ಪವೇ ಒಳಗೆ ಸೇರಿಸಿ, ಆಮೇಲೆ ಬಿಟ್ಟೆವು.

ಮುಂದಿನದು ಸಣ್ಣ ತಾಪತ್ರಯಗಳು. ಬಂದವರೆಲ್ಲ ಮೀನಿಗೆ ಚಿಟಿಕೆ ಹಾಕಬಯಸುತ್ತಾರೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವುದಕ್ಕಿಂತ ಹೆಚ್ಚು ಹಾಕಿದರೆ ನೀರು ಕೆಡುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಬೇಕು, ಪೂರ್ತಿ ಎಂದೂ ಅಲ್ಲ. ಸ್ಪಂಜನ್ನು ಹಿಂಡುವುದು ತೊಟ್ಟಿಯಿಂದ ತೆಗೆದ ನೀರಿನಲ್ಲೇ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ಮೇಲೆ, ಆ ನೀರನ್ನು ಅಗಲ ಪಾತ್ರೆಯಲ್ಲಿ ಒಂದು ದಿನವಾದರೂ ಬಯಲಿಗಿಟ್ಟು, ವಾಸನೆ ಹೋದ ಮೇಲೆಯೇ ಬಳಸಬೇಕು. ಕ್ಲೋರಿನ್ನು ಮೀನಿಗೂ ಶತ್ರು, ಜೀವಾಣುಗಳಿಗೂ ಶತ್ರು.

ದೊಡ್ಡ ತಾಪತ್ರಯ ಬಂದದ್ದು ಆರ್ದ್ರಾ ಮಳೆಯಲ್ಲಿ. ಸಂಜೆ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು, ಮರುದಿನದವರೆಗೆ ಬರಲಿಲ್ಲ. ಶೋಧಕ ನಿಂತಿತು, ಗುಳ್ಳೆ ನಿಂತಿತು. ಆರು ಸಣ್ಣ ಮೀನಿಗೆ ಇಷ್ಟು ನೀರಿನಲ್ಲಿ ಒಂದು ರಾತ್ರಿಗೆ ಅಪಾಯವಿಲ್ಲವೆಂದು ನಾನು ಹೇಳಿ ಮಲಗಿದೆ. ನಡುರಾತ್ರಿ ನೀರು ಬೀಳುವ ಸದ್ದಿಗೆ ಎಚ್ಚರವಾಯಿತು. ಅಪ್ಪಯ್ಯ ಮೇಜಿನ ಬಳಿ ಕುರ್ಚಿ ಎಳೆದುಕೊಂಡು, ಲಾಟೀನಿನ ಬೆಳಕಿನಲ್ಲಿ, ಸಣ್ಣ ಚೊಂಬಿನಿಂದ ತೊಟ್ಟಿಯ ನೀರನ್ನು ಮೊಗೆದು ಅರ್ಧ ಅಡಿ ಮೇಲಿನಿಂದ ಮತ್ತೆ ತೊಟ್ಟಿಗೇ ಸುರಿಯುತ್ತಿದ್ದರು. ನೀರಿಗೆ ಗಾಳಿ ಬೆರೆಸುವ ಉಪಾಯವದು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಲಗಿ ಎಂದೆ. ಕೈ ನಿಲ್ಲಿಸದೆ ಹೇಳಿದರು: "ಉಸ್ರ್ ಕಟ್ಟೂದನ್ನ ಕಾಂತಾ ಕೂಕಂಬುಕೆ ಆತಿಲ್ಲೆ ಮಗಾ."

ಅಮ್ಮನ ಕೊನೆಯ ವಾರ ಕಳೆದದ್ದು ಅದೇ ಚಾವಡಿಯಲ್ಲಿ. ಆಕೆಗೆ ಉಸಿರಿನದೇ ತೊಂದರೆ. ಆ ದಿನಗಳ ಬಗ್ಗೆ ಎರಡು ವರ್ಷಗಳಲ್ಲಿ ಅಪ್ಪಯ್ಯ ಆಡಿದ ಮೊದಲ ಮಾತು ಅದು. ನಾನು ಇನ್ನೊಂದು ಚೊಂಬು ತಂದೆ. ಮಳೆ ಸುರಿಯುತ್ತಿತ್ತು, ಅವರು ಅಮ್ಮನ ವಿಷಯ ಹೇಳುತ್ತ ಹೋದರು, ಕಾಯಿಲೆಯದಲ್ಲ, ಮದುವೆಯಾಗಿ ಬಂದ ಹೊಸದರಲ್ಲಿ ಆಕೆ ಕಡಲಿನ ಮೊರೆತಕ್ಕೆ ನಿದ್ದೆ ಬಾರದೆ ಎದ್ದು ಕೂರುತ್ತಿದ್ದುದು ಇತ್ಯಾದಿ. ಬೆಳಗಾದಾಗ ಆರೂ ಮೀನುಗಳು ಆಹಾರಕ್ಕಾಗಿ ಮೇಲೆ ಬಂದು ನಿಂತಿದ್ದವು.

ಮೀನು ಸಾಕಬೇಕೆಂದು ಈಗ ಕೆಲವರು ನನ್ನನ್ನು ಸಲಹೆ ಕೇಳುತ್ತಾರೆ. ಮೀನಿಗಿಂತ ಮೊದಲು ನೀರನ್ನು ಸಾಕಿ ಎನ್ನುತ್ತೇನೆ. ಒಂದು ತಿಂಗಳು, ಒಂದೂವರೆ ತಿಂಗಳು ಖಾಲಿ ಪೆಟ್ಟಿಗೆಯ ಮುಂದೆ ಕೂರುವ ತಾಳ್ಮೆಯಿದ್ದರೆ ಮೀನು ಉಳಿಯುತ್ತದೆ. ಇಲ್ಲವಾದರೆ ಅಟ್ಟದ ಮೇಲೆ ಜಾಗ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಮಾತು ಕಡಮೆಯಾದ ಹಿರಿಯರಿದ್ದರೆ, ದಿನದ ಆ ಚಿಟಿಕೆಯ ಕೆಲಸವನ್ನು ಅವರಿಗೆ ಬಿಡಿ ಎಂದೂ ಸೇರಿಸುತ್ತೇನೆ. ಕಾರಣ ಕೇಳಿದವರಿಗೆ ಜೀವಾಣುಗಳ ವಿಷಯ ವಿವರಿಸುತ್ತೇನೆ. ಅಷ್ಟರಲ್ಲಿ ಅವರು ಗಡಿಯಾರ ನೋಡಿಕೊಳ್ಳುತ್ತಾರೆ.