ಓಟಿಗೆ ಸಾಕಾದ ಬೆರಳು

ನಮ್ಮ ಕೇರಿಯಲ್ಲಿ ಹಿರಿಯರು ಅನ್ನುವ ಮಾತಿಲ್ಲ. ಮುದುಕ, ಮುದುಕಿ, ಅಷ್ಟೆ. ಹಿರಿಯರು ಅಂದರೆ ಊರೊಳಗಿನವರು, ಜಗಲಿ ಇದ್ದವರು, ನ್ಯಾಯ ಹೇಳಿದವರು. ಜಗಲಿ ಇಲ್ಲದವನಿಗೆ ವಯಸ್ಸಾದರೆ ಅವನು ಹಿರಿಯನಾಗುವುದಿಲ್ಲ, ಕೂಲಿಗೆ ಬಾರದವನಾಗುತ್ತಾನೆ. ಇದನ್ನು ಮೊದಲೇ ಹೇಳಿಬಿಡುತ್ತೇವೆ. ಯಾಕೆಂದರೆ ರಾಜಕೀಯ ಪಕ್ಷಗಳಲ್ಲಿ ಮುದುಕರಿಗೆ ದನಿ ಬೇಕು ಅಂದ ಕೂಡಲೇ ನಗುವವರಿದ್ದಾರೆ. ‘ಪಕ್ಷ ನಡೆಸ್ತಿರೋರೇ ಮುದುಕ್ರು, ಇನ್ನೆಂಥ ದನಿ ಕಣಯ್ಯಾ?’ ಅಂತಾರೆ. ನಿಜ, ಎಪ್ಪತ್ತು ದಾಟಿದವರು ಟಿಕೆಟ್ ಹಂಚುತ್ತಾರೆ, ಮಂತ್ರಿಗಿರಿಗೆ ಜಗಳವಾಡುತ್ತಾರೆ. ಅವರು ಮುದುಕರಲ್ಲ, ಮುಖಂಡರು. ನಾವು ಮಾತಾಡುತ್ತಿರುವುದು ಕಳೆ ಕಿತ್ತು, ಕಲ್ಲು ಹೊತ್ತು, ಜೀತ ಮಾಡಿ ಸೊಂಟ ಬಿದ್ದವರ ಬಗ್ಗೆ.

ಮನೆತನದಲ್ಲಿ ಅಕ್ಷರ ಕಂಡ ಮೊದಲ ತಲೆ ನಾವು. ಡಿಗ್ರಿ ಕೈಗೆ ಬಂದ ದಿನದಿಂದ ಕೇರಿಯ ಮುದುಕರ ಅರ್ಜಿಗಳೆಲ್ಲ ನಮ್ಮ ತಲೆಗೇ ಬಂದವು. ನಮ್ಮಜ್ಜಿ ಹುಟ್ಟಿದ್ದು ‘ಕೆರೆ ಒಡೆದ ಮುಂದಲ ವರ್ಷ’. ಅಂಥ ವರ್ಷ ಬರೆಯುವ ಜಾಗ ಯಾವ ಫಾರಂನಲ್ಲೂ ಇಲ್ಲ. ಕಾರ್ಡು ಮಾಡಿದ ಹುಡುಗ ಮುಖ ನೋಡಿ ಒಂದು ವರ್ಷ ಬರೆದ. ಅವನ ಲೆಕ್ಕದಲ್ಲಿ ಅಜ್ಜಿಗೆ ಐದು ವರ್ಷ ಪ್ರಾಯ ಜಾಸ್ತಿ ಸಿಕ್ಕಿತು, ಪಿಂಚಣಿ ಐದು ವರ್ಷ ತಡವಾಯಿತು. ಬಂದ ಮೇಲೂ ಬೆರಳೊತ್ತುವ ಮಿಷನ್ನು ಅವಳನ್ನು ಒಪ್ಪಲಿಲ್ಲ. ‘ನಿನ್ನ ಬೆರಳಲ್ಲಿ ಗೆರೇನೇ ಇಲ್ವಲ್ಲಜ್ಜಿ’ ಅಂದರು. ‘ಗೆರೆ ಗೌಡ್ರ ಗದ್ದೇಲವೆ ಕಣಪ್ಪ, ಹೋಗಿ ನೋಡ್ಕ’ ಅಂದಳು ನಮ್ಮಜ್ಜಿ. ಅಲ್ಲಿದ್ದವರು ನಕ್ಕರು. ದುಡ್ಡು ಮಾತ್ರ ಆ ತಿಂಗಳೂ ಬರಲಿಲ್ಲ.

ಅದೇ ಬೆರಳು ಚುನಾವಣೆಯ ದಿನ ಎಲ್ಲರಿಗೂ ಬೇಕು. ಆಗ ಗೆರೆ ಬೇಡ, ಶಾಯಿ ಹಚ್ಚಲು ಉಗುರಿದ್ದರೆ ಸಾಕು. ಆಟೋ ಬಾಗಿಲಿಗೆ ಬರುತ್ತದೆ, ಹುಡುಗರು ಎತ್ತಿ ಕೂರಿಸುತ್ತಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದವರು ಮನೆಯಲ್ಲೇ ಕೂತು ಓಟು ಹಾಕುವ ಅನುಕೂಲ ಕರ್ನಾಟಕಕ್ಕೆ ಬಂತು. 2024ರ ಲೋಕಸಭಾ ಚುನಾವಣೆಗೆ ಆ ವಯಸ್ಸು ಎಂಬತ್ತೈದಾಯಿತು. ಇದನ್ನು ನಾವು ಹಳಿಯುವುದಿಲ್ಲ, ಒಳ್ಳೆಯದೇ. ನಮ್ಮ ಪ್ರಶ್ನೆ ಒಂದೇ. ಓಟು ಕೇಳಲು ಮುದುಕರ ಬಾಗಿಲಿಗೆ ಬರುವ ದಾರಿ ಗೊತ್ತಿದ್ದ ಮೇಲೆ, ಅವರ ಮಾತು ಕೇಳಲು ಬರುವ ದಾರಿ ಯಾಕೆ ಮರೆತುಹೋಗುತ್ತದೆ?

ಲೆಕ್ಕ ನೋಡಿ. ಮುಪ್ಪಿನಲ್ಲಿ ಸರ್ಕಾರದ ನೆರವು ಸಿಗುವಂತೆ ವ್ಯವಸ್ಥೆ ಮಾಡಬೇಕು ಅಂತ ಸಂವಿಧಾನದ 41ನೇ ವಿಧಿ ಹೇಳುತ್ತದೆ, ಆದರೆ ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ ಅನ್ನುತ್ತದೆ. ಬಡ ಮುದುಕರಿಗೆ ತಿಂಗಳಿಗೆ 75 ರೂಪಾಯಿ ಕೊಡುವ ಕೇಂದ್ರದ ಯೋಜನೆ 1995ರ ಆಗಸ್ಟ್ 15ರಂದು ಶುರುವಾಯಿತು. 2007ರಲ್ಲಿ ಅದಕ್ಕೆ ಹೊಸ ಹೆಸರಿಟ್ಟಾಗ ಕೇಂದ್ರದ ಪಾಲು 200 ರೂಪಾಯಿ. ಎಂಬತ್ತು ದಾಟದವರಿಗೆ ಈಗಲೂ ಅದೇ 200. ಕರ್ನಾಟಕದಲ್ಲಿ ರಾಜ್ಯ ತನ್ನ ದುಡ್ಡು ಸೇರಿಸಿ ಅರವತ್ತೈದು ದಾಟಿದವರಿಗೆ 1200 ಕೊಡುತ್ತದೆ. ದಿನಕ್ಕೆ ನಲವತ್ತು ರೂಪಾಯಿ. ಅದರಲ್ಲೇ ಅಕ್ಕಿಯ ಮೇಲಿನ ಸಾರು, ಅದರಲ್ಲೇ ಬಿ.ಪಿ. ಗುಳಿಗೆ, ಅದರಲ್ಲೇ ಬಸ್ಸಿಳಿದು ಆಸ್ಪತ್ರೆಗೆ ಹೋಗುವ ಆಟೋ. ಇತ್ತ 2025ರ ಮಾರ್ಚಿನಲ್ಲಿ ಶಾಸಕರ ಸಂಬಳ, ಮಾಜಿ ಶಾಸಕರ ಪಿಂಚಣಿ ಏರಿಸುವ ಮಸೂದೆಗಳು ನಮ್ಮ ವಿಧಾನಸಭೆಯಲ್ಲಿ ಗದ್ದಲದ ನಡುವೆಯೇ ಪಾಸಾದವು. ಅಲ್ಲಿ ಆರ್ಥಿಕ ಶಕ್ತಿಯ ಮಿತಿ ಅಡ್ಡ ಬರಲಿಲ್ಲ. ಕೇಳುವವರು ಸದನದ ಒಳಗಿದ್ದರು, ಅದಕ್ಕೆ.

ಪಕ್ಷಗಳಲ್ಲಿ ಯುವ ಘಟಕ, ಮಹಿಳಾ ಘಟಕ, ರೈತ ಘಟಕ, ಪರಿಶಿಷ್ಟರ ಘಟಕ ಇವೆ. ಅವು ಎಷ್ಟೇ ಬಡಕಲಾಗಿರಲಿ, ಟಿಕೆಟ್ ಕೇಳುತ್ತವೆ, ಪ್ರಣಾಳಿಕೆಯಲ್ಲಿ ಎರಡು ಸಾಲು ಸೇರಿಸುತ್ತವೆ, ಸಿಟ್ಟು ಬಂದರೆ ಕಚೇರಿ ಮುಂದೆ ಕೂರುತ್ತವೆ. ಮುದುಕ ಕೂಲಿಯವರಿಗೆ ಏನಿದೆ? ಅಕ್ಟೋಬರ್ ಒಂದರ ಹಿರಿಯರ ದಿನಕ್ಕೆ ಒಂದು ಶಾಲು, ಎರಡು ಬಾಳೆಹಣ್ಣು, ಒಂದು ಫೋಟೋ. ಶಾಲು ಹೊದ್ದವನು ಮಾತಾಡಬಾರದು, ಕೈ ಮುಗಿಯಬೇಕು.

ಹಾಗಾದರೆ ನಮ್ಮ ಮುದುಕರಿಗೆ ಹಿಂದೆ ರಾಜಕೀಯದಲ್ಲಿ ದನಿಯೇ ಇರಲಿಲ್ಲವೇ? ಇತ್ತು. ಕೇರಿಗೊಬ್ಬ ಯಜಮಾನ ಇದ್ದ. ಚುನಾವಣೆ ಬಂದಾಗ ಅವನನ್ನು ದೊಡ್ಡ ಮನೆಯ ಹಟ್ಟಿಬಾಗಿಲಿಗೆ ಕರೆಸುತ್ತಿದ್ದರು. ಅವನು ದೂರದಲ್ಲಿ ನಿಂತು ಕೇಳಿಸಿಕೊಂಡು ಬಂದು ‘ಈ ಸಲ ಇದಕ್ಕೆ ಒತ್ತಬೇಕಂತೆ’ ಅನ್ನುತ್ತಿದ್ದ. ಬಾಯಿ ಅವನದು, ಮಾತು ದೊಡ್ಡ ಮನೆಯದು. ಇವತ್ತು ಪಕ್ಷಗಳು ತಾವೇ ಒಬ್ಬ ನಿವೃತ್ತ ಸಾಹೇಬರನ್ನು ಹುಡುಕಿ ‘ಹಿರಿಯ ನಾಗರಿಕರ ಘಟಕದ ಅಧ್ಯಕ್ಷ’ ಅಂತ ಬೋರ್ಡು ಹಾಕಿದರೆ ಆಗುವುದೂ ಇದೇ. 1932ರ ಪೂನಾ ಒಪ್ಪಂದ ಕಲಿಸಿದ ಪಾಠ ಇದು. ನಮ್ಮ ಹೆಸರಿನ ಕುರ್ಚಿಯ ಮೇಲೆ ಯಾರು ಕೂರಬೇಕೆಂದು ಬೇರೆಯವರ ಓಟು ತೀರ್ಮಾನಿಸಿದರೆ, ಕೂತವನು ಅವರ ಮುಖವನ್ನೇ ನೋಡುತ್ತಾನೆ.

ಮುದುಕರದ್ದೇ ಬೇರೆ ಪಕ್ಷ ಕಟ್ಟಬಾರದೇಕೆ ಅಂತ ಗೆಳೆಯರು ಕೇಳುತ್ತಾರೆ. ಇಸ್ರೇಲಿನಲ್ಲಿ ಪಿಂಚಣಿದಾರರು ಕಟ್ಟಿದ ಪಕ್ಷ 2006ರಲ್ಲಿ ಸಂಸತ್ತಿನ 7 ಸ್ಥಾನ ಗೆದ್ದಿತು. 2009ರಲ್ಲಿ ಒಂದೂ ಉಳಿಯಲಿಲ್ಲ. ಬೇರಿಲ್ಲದ ಗಿಡ ಒಂದು ಮಳೆಗೆ ಚಿಗುರಿ ಒಂದು ಬಿಸಿಲಿಗೆ ಒಣಗಿದ ಹಾಗೆ. ಇನ್ನೊಂದು ದಾರಿ ನಮ್ಮ ಪಕ್ಕದಲ್ಲೇ ಇದೆ. ಪುಣೆಯಲ್ಲಿ ಹಮಾಲರನ್ನು ಸಂಘಟಿಸಿದ, ಊರಿಗೊಂದೇ ನೀರಿನ ತಾಣ ಇರಲಿ ಅಂತ ಅಸ್ಪೃಶ್ಯತೆಯ ವಿರುದ್ಧ ಮಹಾರಾಷ್ಟ್ರದ ಹಳ್ಳಿ ಹಳ್ಳಿ ಅಲೆದ ಬಾಬಾ ಆಢಾವ್, 2012ರಲ್ಲಿ ಎಂಬತ್ತು ದಾಟಿದ ಮೇಲೆ, ಅರುಣಾ ರಾಯ್ ಜೊತೆ ಪಿಂಚಣಿ ಪರಿಷತ್ತಿನ ಹೋರಾಟಕ್ಕಿಳಿದರು. ಊರೂರಿನ ಮುದುಕ ಮುದುಕಿಯರು ದೆಹಲಿಯ ಜಂತರ್ ಮಂತರ್‌ನಲ್ಲಿ ಬಿಸಿಲಲ್ಲಿ ಕೂತರು. ಅವರು ಕೇಳಿದ್ದು ಭಿಕ್ಷೆಯಲ್ಲ, ಕನಿಷ್ಠ ಕೂಲಿಯ ಅರ್ಧದಷ್ಟು ಪಿಂಚಣಿ. ನೌಕರನ ಪಿಂಚಣಿ ಹಕ್ಕು, ಕೂಲಿಯವನದು ಕರುಣೆ ಅನ್ನುವ ಭೇದಕ್ಕೆ ಅವರು ಕೈ ಹಾಕಿದರು. ಈ ಭೇದವೂ ಒಂದು ಜಾತಿಯೇ.

ಆದ್ದರಿಂದ ಕೆಲಸ ಕೇರಿಯಿಂದಲೇ ಶುರುವಾಗಬೇಕು. ಊರಿಗೊಂದು ಮುದುಕರ ಕೂಟವಾಗಲಿ, ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಲಿ. ಅವರ ಪರವಾಗಿ ಪಕ್ಷದ ತಾಲ್ಲೂಕು ಸಮಿತಿಯಲ್ಲಿ ಕೂರುವವರನ್ನು ಅವರೇ ಆರಿಸಲಿ, ಬೇಡವೆನಿಸಿದರೆ ಅವರೇ ಇಳಿಸಲಿ. ಪ್ರಣಾಳಿಕೆ ಅಚ್ಚಾದ ಮೇಲೆ ಹಂಚುವುದಲ್ಲ, ಬರೆಯುವ ಮುಂಚೆ ಕೂಟದ ಮುಂದೆ ಓದಬೇಕು. ‘ಮುದುಕ್ರು ಸೀರೆಗೆ, ಸಾರಾಯಿಗೆ ಓಟು ಮಾರ್ತಾರೆ’ ಅನ್ನುವವರಿಗೆ ನಮ್ಮ ಉತ್ತರ ಇಷ್ಟೆ: ಕೇಳುವವರಿಲ್ಲದ ಕಡೆ ಸಿಕ್ಕಿದ್ದು ತಗೋತಾರೆ. ಕೂಟ ಕಟ್ಟಿ ನೋಡಿ, ಬೆಲೆ ಹೇಳುವುದು ಅವರಿಗೂ ಬರುತ್ತದೆ.

ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯ ಗೆಳತಿಯರೇ, ನಿಮ್ಮಿಂದ ಕೇಳುವುದು ಸಣ್ಣದು. ತಿಂಗಳಿಗೊಂದು ಸಂಜೆ ಕೇರಿಯ ಮರದಡಿ ಕೂತು ಮುದುಕರು ಹೇಳಿದ್ದನ್ನು ಬರೆದುಕೊಳ್ಳಿ. ಅವರ ಬದಲು ನೀವು ಮಾತಾಡಬೇಡಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ತಪ್ಪಿದ್ದರೆ ತಿದ್ದಿ, ಆಮೇಲೆ ಗ್ರಾಮಸಭೆಗೂ ಪಕ್ಷದ ಕಚೇರಿಗೂ ಅವರ ಜೊತೆಯಲ್ಲೇ ನಡೆಯಿರಿ. ಅವರು ನಿಧಾನ ನಡೆಯುತ್ತಾರೆ. ನಾವೂ ನಿಧಾನ ನಡೆಯೋಣ.