ಕೂಸಿನ ಬುತ್ತಿ

ಶಹಾಬಾದ್ ಬರುವಷ್ಟರಲ್ಲಿ ಬುತ್ತಿಗಂಟು ಬಿಚ್ಚಿದೆ: ಜೋಳದ ರೊಟ್ಟಿ, ಶೇಂಗಾ ಹಿಂಡಿ. ಕಿಟಕಿಯಾಚೆ ಫರಸಿ ಕಲ್ಲಿನ ಚಪ್ಪಡಿಗಳು ಯುಗಾದಿಯ ಬಿಸಿಲಿಗೆ ಕಾದು ನಿಂತಿದ್ದವು. ತಂಗಿಯ ಮಗಳು ಹಡೆದಿದ್ದಳು. ಚಿಂಚೋಳಿಗೆ ಕೂಸು ನೋಡಲು ಹೊರಟಿದ್ದೆ.

ವಾಡಿಯಲ್ಲಿ ಗಾಡಿ ಬದಲಿಸಬೇಕು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಮುಂಬೈ–ಮದ್ರಾಸ್ ಹಾದಿಯನ್ನು ಕೂಡಿದ್ದು ಇಲ್ಲೇ. ಸಿಮೆಂಟ್ ಧೂಳು ಮೆತ್ತಿದ ಬೆಂಚಿನ ಮೇಲೆ ಕೂತಾಗ ಮಾಸು ನೆನಪಾಯಿತು. ಅದೂ ಒಂದು ಜಂಕ್ಷನ್ನೇ. ತಾಯಿಯ ರಕ್ತ, ಕೂಸಿನ ರಕ್ತ ಅಲ್ಲಿ ಬೆರೆಯುವುದಿಲ್ಲ. ಆದರೂ, ಎಂದೋ ದಡಾರ ಬಂದೋ ಸೂಜಿ ಹಾಕಿಸಿಕೊಂಡೋ ತಾಯಿಯ ಮೈ ಮಾಡಿಟ್ಟ ಪ್ರತಿಕಾಯಗಳಲ್ಲಿ ಐಜಿಜಿ ಎಂಬ ಒಂದೇ ಜಾತಿಯನ್ನು ಗುರುತು ಹಿಡಿದು ದಾಟಿಸುವ ಗ್ರಾಹಿ ಅಲ್ಲಿದೆ. ಹೆಚ್ಚಿನ ಸಾಗಾಟ ಕೊನೆಯ ವಾರಗಳಲ್ಲಿ. ದಿನ ತುಂಬಿದ ಕೂಸಿನ ರಕ್ತದಲ್ಲಿ ಅದು ಎಷ್ಟೋ ಸಲ ತಾಯಿಯಲ್ಲಿರುವುದಕ್ಕಿಂತಲೂ ಹೆಚ್ಚು! ತಾನು ಉಣ್ಣುವುದಕ್ಕಿಂತ ಒಂದು ರೊಟ್ಟಿ ಹೆಚ್ಚೇ ಕಟ್ಟುವುದು ತಾಯಂದಿರ ರಕ್ತದಲ್ಲೇ ಇದೆಯೆಂದು ಯಾರಿಗೆ ಗೊತ್ತಿತ್ತು? ದಿನ ತುಂಬದೆ ಬಂದ ಕೂಸಿಗೆ ಮಾತ್ರ ಬುತ್ತಿ ಅರೆಬರೆ.

ಚಿತ್ತಾಪುರ ತೂಕಡಿಕೆಯಲ್ಲಿ ಹೋಯಿತು. ಸೇಡಂಗೆ ಮೊದಲು ಮಳಖೇಡ. ಕಾಗಿಣಾ ದಂಡೆಯ ರಾಷ್ಟ್ರಕೂಟರ ಆ ರಾಜಧಾನಿ 972ರಲ್ಲಿ ಪರಮಾರ ಸೀಯಕನ ಕೈಗೆ ಸಿಕ್ಕು ಸೂರೆಹೋಯಿತು. ವೈರಿ ಬಂದದ್ದು ಅಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಹೆಪಟೈಟಿಸ್ ಬಿ ವೈರಸ್ ಹೆರಿಗೆಯ ಹೊತ್ತಿಗೆ ಕೂಸಿನ ಮೈಹೊಕ್ಕರೆ ಗದ್ದಲವೇ ಇಲ್ಲ. ಬಸಿರಿನಲ್ಲಿ ತಾಯಿಯ ಮೈಯೊಡನೆ ಜಗಳವಾಡದೆ ಬೆಳೆದ ಕಾವಲುಗಾರರು, ಹೊರಗಿನವನನ್ನೂ ಸೈರಿಸಿಕೊಂಡುಬಿಡುತ್ತಾರೆ. ತಡೆಯದಿದ್ದರೆ, ಹಾಗೆ ಸೋಂಕು ತಗಲಿದ ಹತ್ತು ಕೂಸುಗಳಲ್ಲಿ ಸುಮಾರು ಒಂಬತ್ತರ ಪಿತ್ತಜನಕಾಂಗದಲ್ಲಿ ಅದು ಕಾಯಂ ಬಿಡಾರ ಹೂಡುತ್ತದೆ. ದೊಡ್ಡವರಲ್ಲಿ ಹಾಗಾಗುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಹುಟ್ಟಿದ 24 ಗಂಟೆಯೊಳಗೆ ಸೂಜಿ ಹಾಕುವ ಅವಸರ ಅದಕ್ಕೇ.

ಸೇಡಂನಿಂದ ಬಸ್ಸು. ಚಿಂಚೋಳಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಕುಲಾಯಿಯೊಳಗೆ ಮುಷ್ಟಿಯಷ್ಟು ಮುಖ. ಬಾಣಂತಿ ಮೊದಲ ಹಳದಿ ಹಾಲು ಚೆಲ್ಲದೆ ಕುಡಿಸಿದ್ದಳಂತೆ. ಅದರಲ್ಲಿ ಐಜಿಎ ಎಂಬ ಇನ್ನೊಂದು ಜಾತಿ, ಕರುಳಿನ ಗೋಡೆಗೆ ಕಾವಲು.

ತಂಗಿ ತಾಯಿ ಕಾರ್ಡ್ ಹಿಡಿದು ಬಂದಳು. “ದಡಾರದ ಸೂಜಿ ಒಂಬತ್ ತಿಂಗಳಿಗಂತ, ಅಕ್ಕಾ. ಈಗೇ ಹಾಕಿದ್ರ ಏನಾಗ್ತದ?”

“ಅವ್ವನ ಬುತ್ತಿ ಇನ್ನಾ ತೀರಿಲ್ಲಲ್ಲ” ಎಂದೆ. ಲಸಿಕೆಯೊಳಗಿನ ಬಡಕಲು ವೈರಸ್ಸನ್ನೂ ತಾಯಿಯ ಪ್ರತಿಕಾಯಗಳು ಹಿಡಿದು ಮುಗಿಸಿಬಿಡುತ್ತವೆ. ಕೂಸು ಅದನ್ನು ಕಂಡು ಕಲಿಯುವುದೇ ಇಲ್ಲ. ತಿಂಗಳು ಉರುಳಿದಂತೆ ಬುತ್ತಿ ಕರಗಬೇಕು, ಆಮೇಲೆ ಸ್ವಂತ ಒಲೆ.

ತಂಗಿ ಬೆರಳು ಮಡಚಿ ಎಣಿಸಿದಳು. “ತೊಗರಿ ರಾಶಿ ಹೊತ್ತಿಗಾಯ್ತು ಬಿಡು.”