ಪೆಪ್ಪರಮೆಂಟ್ ಬಾಟ್ಲಿಗಳ ಕಾಲ

ಒಂದು ಕಾಲಕ್ಕೆ ಹಿತ್ತಾಳೆ ಪಾತ್ರೆಗೆ ಹೆಸರಾಗಿದ್ದ ಊರು ನಮ್ಮದು. ಆಗ ಶ್ರವಣಬೆಳಗೊಳದಲ್ಲಿ ಯಾರ ಮನೆಗೆ ಹೋದರೂ ನಡುಮನೆಯ ಗೋಡೆಗುಂಟ ಹಂಡೆ, ಕೊಳಗ, ಬಿಂದಿಗೆ ಸಾಲಾಗಿ ಕೂತಿರುತ್ತಿದ್ದವು. ಕಂಠದ ಮೇಲೆ ಮದುವೆಗೆ ಕೊಟ್ಟವರ ಹೆಸರು ಕೊರೆದಿರುತ್ತಿತ್ತು. ನಮ್ಮ ಮನೆಯಲ್ಲೂ ಹಿತ್ತಾಳೆಗೆ ಕೊರತೆ ಇರಲಿಲ್ಲ. ಆದರೆ ಅಡುಗೆಮನೆಯನ್ನು ಆಳಿದ್ದು ಮಾತ್ರ ಗಾಜು. ಅದಕ್ಕೆ ಕಾರಣ ದೊಡ್ಡಬೆಟ್ಟದ ಬುಡದಲ್ಲಿದ್ದ ಅಪ್ಪನ ಪುಟ್ಟ ಅಂಗಡಿ.

ಯಾತ್ರಿಕರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮೆಟ್ಟಿಲು ಹತ್ತುವ ಕಡೆ, ನಾಲ್ಕು ಹಲಗೆ ಜೋಡಿಸಿದ ಅಂಗಡಿ ಅದು. ಹಲಗೆಯ ಮೇಲೆ ಬಾಯಗಲದ ದೊಡ್ಡ ಗಾಜಿನ ಬಾಟ್ಲಿಗಳು. ಕೂತಲ್ಲಿಂದಲೇ ಅಪ್ಪನ ಕೈಗೆ ಎಟುಕಲಿ ಅಂತ ಅವೆಲ್ಲ ಒಂದೇ ಕಡೆಗೆ ವಾಲಿಕೊಂಡಿರುತ್ತಿದ್ದವು. ಒಂದರಲ್ಲಿ ಕಿತ್ತಳೆ ತೊಳೆಯಂಥ ಹುಳಿ ಪೆಪ್ಪರಮೆಂಟು, ಒಂದರಲ್ಲಿ ಶುಂಠಿ ಪೆಪ್ಪರಮೆಂಟು, ಕೊಬ್ಬರಿ ಮಿಠಾಯಿ, ಕಡ್ಲೆಮಿಠಾಯಿ, ಕೋಡುಬಳೆ, ಮೂಲೆಯ ಬಾಟ್ಲಿಯಲ್ಲಿ ಹುರಿದ ಬಟಾಣಿ. ಬೆಟ್ಟ ಇಳಿದು ಬಂದ ಮಕ್ಕಳು ಗಾಜಿಗೆ ಮೂಗೊತ್ತಿ ನಿಲ್ಲುತ್ತಿದ್ದವು. ವ್ಯಾಪಾರ ಅರ್ಧ ಮುಗಿದಂತೆಯೇ ಅಂತ ಅಪ್ಪ ನಗುತ್ತಿದ್ದರು.

1981ರಲ್ಲಿ ಗೊಮ್ಮಟನ ಪ್ರತಿಷ್ಠೆಗೆ ಸಾವಿರ ವರ್ಷ ತುಂಬಿದಾಗ ನಡೆದ ಮಹಾಮಸ್ತಕಾಭಿಷೇಕ ನಮ್ಮ ಮನೆಯ ಗಾಜಿನ ಇತಿಹಾಸದಲ್ಲೂ ದೊಡ್ಡದು. ಇಂದಿರಾ ಗಾಂಧಿ ಹೆಲಿಕಾಪ್ಟರಿನಲ್ಲಿ ಬಂದು ಮೂರ್ತಿಯ ಮೇಲೆ ಹೂ ಸುರಿಸಿದ್ದು, 1008 ಕಳಶ, ಎಳನೀರು, ಕಬ್ಬಿನ ಹಾಲು, ಅರಿಶಿನದಲ್ಲಿ ಮಿಂದ ಸ್ವಾಮಿ, ಇವೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯ. ನನಗೂ ಅಕ್ಕನಿಗೂ ನೆನಪಿರುವುದು ಅದಕ್ಕೆ ತುಸು ಮೊದಲಿನ ಗಡಿಬಿಡಿ. ಅಷ್ಟು ಜನಕ್ಕೆ ಇದ್ದ ಬಾಟ್ಲಿ ಸಾಲದು ಅಂತ ಅಪ್ಪ ಚನ್ನರಾಯಪಟ್ಟಣದಿಂದ ಇನ್ನಷ್ಟು ಕೊಂಡು ತಂದರು. ಗೋಣಿಯೊಳಗೆ ಭತ್ತದ ಹುಲ್ಲು, ಹುಲ್ಲಿನೊಳಗೆ ಬಾಟ್ಲಿ, ಆ ಗೋಣಿ ಅಪ್ಪನ ತೊಡೆಯ ಮೇಲೆ. ಬಸ್ಸಿನ ಮೇಲೆ ಹಾಕಲು ಅವರು ಸುತರಾಂ ಒಪ್ಪಿರಲಿಲ್ಲ. ಜಾತ್ರೆಯ ಜನ ಕರಗಿದ ಮೇಲೆ ಅಷ್ಟು ಬಾಟ್ಲಿಗೆ ತುಂಬುವ ಸರಕು ಇರಲಿಲ್ಲ. ಒಂದೊಂದಾಗಿ ಅವು ಮನೆ ಸೇರಿದವು.

ಹೊಸದಾಗಿ ಬಂದ ವಸ್ತುವನ್ನು ಅಜ್ಜಿ ಸುಲಭಕ್ಕೆ ಒಪ್ಪಿಕೊಳ್ಳುವವಳಲ್ಲ. ಮನೆಗೆ ಬಂದ ಸ್ಟೀಲನ್ನೇ ವರ್ಷಗಟ್ಟಲೆ ಅಟ್ಟದ ಮೇಲೆ ಇಟ್ಟಿದ್ದವಳು. ಗಾಜನ್ನು ಮಾತ್ರ ಅವಳು ನೋಡನೋಡುತ್ತ ಒಲಿಸಿಕೊಂಡಳು. ಅದಕ್ಕೆ ಅವಳ ವ್ರತವೇ ಕಾರಣ. ಜೈನರ ಅಡುಗೆಮನೆಯಲ್ಲಿ ಬೀಸಿದ ಹಿಟ್ಟಿಗೂ ಆಯುಸ್ಸಿದೆ. ನಮ್ಮಲ್ಲಿ ಅದಕ್ಕೆ ಮರ್ಯಾದೆ ಅನ್ನುತ್ತಾರೆ. ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಅದು ಮೀರಿದರೆ ಹಿಟ್ಟಿನಲ್ಲಿ ಕಣ್ಣಿಗೆ ಕಾಣದ ಜೀವ ಹುಟ್ಟುತ್ತದೆ ಅನ್ನುವುದು ಲೆಕ್ಕ. ಮುನಿಗಳನ್ನು ಆಹಾರಕ್ಕೆ ಬರಮಾಡಿಕೊಳ್ಳುವ ಮನೆಯಲ್ಲಂತೂ ಈ ಲೆಕ್ಕ ತಪ್ಪುವಂತಿಲ್ಲ. ಹಿತ್ತಾಳೆ ಡಬ್ಬಿಯಲ್ಲಿ ಹಿಟ್ಟು ಎಷ್ಟಿದೆ, ಹೇಗಿದೆ ಅಂತ ನೋಡಲು ಪ್ರತಿಸಲವೂ ಮುಚ್ಚಳ ತೆಗೆಯಬೇಕಿತ್ತು. ಗಾಜಿನಲ್ಲಿ ಹಾಗಲ್ಲ. ಅಜ್ಜಿ ಒಂದು ಚೀಟಿಯಲ್ಲಿ ಬಿದಿಗೆ, ತದಿಗೆ ಅಂತ ಬೀಸಿದ ದಿನದ ತಿಥಿ ಬರೆಸಿ, ಓದುವ ಮುಖ ಹೊರಗೆ ಬರುವಂತೆ ಬಾಟ್ಲಿಯ ಒಳಗೋಡೆಗೆ ನಿಲ್ಲಿಸುತ್ತಿದ್ದಳು. ಬರೆಯುವುದು ಅಕ್ಕನ ಕೆಲಸ, ಪಂಚಾಂಗ ನೋಡಿ ಹೇಳುವುದು ನನ್ನದು. ಬೇಳೆಗೆ ಹುಳ ಬಿದ್ದರೆ ಅಜ್ಜಿಗೆ ಒಲೆಯ ಮುಂದೆ ಕೂತಲ್ಲಿಂದಲೇ ಕಾಣುತ್ತಿತ್ತು. ಮೂರು ಪದರದ ಬಟ್ಟೆಯಲ್ಲಿ ಸೋಸಿದ ಬಾವಿ ನೀರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಲೂ ಒಂದು ಬಾಟ್ಲಿ ಇತ್ತು. ಬಟ್ಟೆಯಲ್ಲಿ ಉಳಿದ ಜೀವಗಳು ಮತ್ತೆ ಅದೇ ಬಾವಿಗೆ.

ಅಜ್ಜಿಯ ಈ ಕಣ್ಣಿನ ಪರೀಕ್ಷೆ ಉಪ್ಪಿನಕಾಯಿ ದಿನಗಳಲ್ಲಿ ಇನ್ನೂ ಜೋರು. ವ್ರತ ಹಿಡಿದವಳಾದ್ದರಿಂದ ದಿನಗಟ್ಟಲೆ ಇಟ್ಟ ಉಪ್ಪಿನಕಾಯಿಯನ್ನು ಅವಳು ಮುಟ್ಟುತ್ತಿರಲಿಲ್ಲ. ಅಪ್ಪನಿಗೋ ಅದಿಲ್ಲದೆ ಮೊಸರನ್ನ ಇಳಿಯುತ್ತಿರಲಿಲ್ಲ. ತಾನು ರುಚಿ ನೋಡದ ಪದಾರ್ಥವನ್ನು ಮಗನಿಗಾಗಿ ಪ್ರತಿ ಬೇಸಿಗೆಯಲ್ಲೂ ಹದವಾಗಿ ಹಾಕುತ್ತಿದ್ದಳು. ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಬಿಡುತ್ತದೆ. ತಿದಿ ಒತ್ತಿ, ನವಸಾಗರ ಉಜ್ಜಿ, ತವರದ ಕಲಾಯಿ ಹಾಕಿಸಿದ ಪಾತ್ರೆಯೂ ಉಪ್ಪು ಮಾವಿನಕಾಯಿಯ ಮುಂದೆ ಬಹಳ ದಿನ ತಾಳದು. ಪಿಂಗಾಣಿ ಜಾಡಿಗೆ ಹುಳಿಯ ಭಯವಿಲ್ಲ, ಆದರೆ ಒಳಗೆ ಏನು ನಡೆದಿದೆ ಅಂತ ಅದು ಬಾಯಿ ಬಿಡುವುದಿಲ್ಲ. ಗಾಜಿನಲ್ಲಿ ಹೋಳಿನ ನಡುವೆ ಹರಳುಪ್ಪು ಕರಗುವುದು, ರಸ ದಿನಕ್ಕೊಂದಿಷ್ಟು ಏರುವುದು, ಮೇಲಿನ ಹೋಳು ಒಣಗಿ ನಿಂತಿರುವುದು, ಎಲ್ಲ ಕಾಣುತ್ತದೆ. "ರಸ ಇನ್ನೂ ಮೇಲೆ ಬಂದಿಲ್ಲ, ಒಂದು ಹಿಡಿ ಉಪ್ಪು ಬೇಡುತ್ತೆ" ಅಂತ ಅಜ್ಜಿ ನೋಡಿಯೇ ಹೇಳುತ್ತಿದ್ದಳು. ನಾಲಗೆಗೆ ಸೋಕಿಸದೆ ಉಪ್ಪು ಹೇಳುವ ಆ ವಿದ್ಯೆ ನಮ್ಮ ಮನೆಯಲ್ಲಿ ಅವಳ ನಂತರ ಯಾರಿಗೂ ಬರಲಿಲ್ಲ. ನಾನಂತೂ ಇವತ್ತಿಗೂ ಚಮಚ ನೆಕ್ಕಿಯೇ ನೋಡುವವಳು.

ಖಾರದ ಪುಡಿಗೆ ಮಾತ್ರ ಗಾಜು ಒಳ್ಳೆಯದಲ್ಲ. ಬೆಳಕು ಬಿದ್ದೂ ಬಿದ್ದೂ ಮೆಣಸಿನಪುಡಿಯ ಬಣ್ಣ ಇಳಿಯುತ್ತದೆ. ಅದು ತಗಡಿನ ಡಬ್ಬಿಯಲ್ಲೇ ಉಳಿಯಿತು.

ಈ ಬಾಟ್ಲಿಗಳನ್ನು ತೊಳೆಯುವುದು ಮಕ್ಕಳ ಪಾಲಿಗೆ ಬಂತು. ಬಾಯಿ ಅಗಲವಾದರೂ ಅಮ್ಮನ ಬಳೆಗೈ ಒಳಗೆ ಹೋಗುತ್ತಿರಲಿಲ್ಲ. ಮೊದಲು ಅಕ್ಕನ ಕೈ. ಅಂಟುವಾಳದ ನೊರೆ, ತೆಂಗಿನ ನಾರು, ತಳದಲ್ಲಿ ಎಣ್ಣೆ ಜಿಡ್ಡು ಹಿಡಿದಿದ್ದರೆ ಒಂದು ಹಿಡಿ ನುಚ್ಚಕ್ಕಿಗೆ ಬಿಸಿನೀರು ಬೆರೆಸಿ ಗರಗರ ತಿರುಗಿಸುವುದು. ಒಂದು ದಿನ ಅಕ್ಕನ ಹೆಬ್ಬೆರಳಿನ ಬುಡ ಬಾಟ್ಲಿಯ ಬಾಯಿಗೆ ಸಿಕ್ಕಿಕೊಂಡಿತು. "ನೀನು ದೊಡ್ಡವಳಾದೆ" ಅಂದಳು ಅಮ್ಮ. ಅಕ್ಕನಿಗೆ ಹೆಮ್ಮೆ, ನನಗೆ ಕೆಲಸ. ನನ್ನ ಕೈಯೂ ದಪ್ಪಗಾದ ಮೇಲೆ ತಮ್ಮನ ಸರದಿ. ಗಂಡುಹುಡುಗ ಪಾತ್ರೆ ತೊಳೆಯುವುದೇ ಅಂತ ಯಾರೋ ಅಂದದ್ದಕ್ಕೆ ಅಜ್ಜಿ, ಕೈ ಹೋಗುವವರು ತೊಳೆಯಲಿ ಅಂದುಬಿಟ್ಟಳು.

ಚನ್ನರಾಯಪಟ್ಟಣದ ಕಡೆ ತೆಂಗಿಗೆ ಬರವಿಲ್ಲ. ಮಾರ್ಗಶಿರದ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ, ಸಣ್ಣ ಬಾಯಿಯ ಸೀಸೆಗಳವರು ಬೆಳಿಗ್ಗೆ ಬೆಳಿಗ್ಗೆ ಸೀಸೆ ಹಿಡಿದು ಒಲೆಯ ಪಕ್ಕ ಕೂರುತ್ತಿದ್ದರು. ನಮ್ಮಲ್ಲಿ ಚಮಚ ಇಳಿಸಿ ಬಗೆದುಕೊಳ್ಳುವುದಷ್ಟೆ. ಅದೇ ಎಣ್ಣೆಗೆ ದಾಸವಾಳದ ಹೂ, ಗರುಗದ ಸೊಪ್ಪು ಹಾಕಿ ಬಿಸಿಲಿಗಿಟ್ಟ ಬಾಟ್ಲಿ ಜಗಲಿಯ ಮೇಲೆ. ತುಪ್ಪ ಕಾಯಿಸಿದ ದಿನ ಮಾತ್ರ ಅಮ್ಮನಿಗೆ ಗಾಜಿನ ಭಯ. ಬಿಸಿ ತುಪ್ಪ ಸುರಿದರೆ ಗಾಜು ಚಟ್ಟಂತ ಸೀಳುತ್ತದೆ. ಪೂರ್ತಿ ತಣಿಯುವವರೆಗೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಅಮ್ಮ ಯಾವುದಕ್ಕೆ ಹೆದರುತ್ತಿದ್ದಳೋ ಅದನ್ನೇ ಚಿಕ್ಕಪ್ಪ ವಿದ್ಯೆ ಮಾಡಿಕೊಂಡರು. ಬಾಯಂಚು ಒಡೆದ ಬಾಟ್ಲಿ ಎಸೆಯಲು ಅವರಿಗೆ ಮನಸ್ಸು ಬಾರದು. ಕೊರಳಿನ ಕೆಳಗೆ ಹತ್ತಿ ದಾರ ಬಿಗಿಯಾಗಿ ಸುತ್ತಿ, ಸೀಮೆಎಣ್ಣೆಯಲ್ಲಿ ನೆನೆಸಿ, ಬೆಂಕಿ ಮುಟ್ಟಿಸಿ, ಬಾಟ್ಲಿಯನ್ನು ಮೆಲ್ಲಗೆ ತಿರುಗಿಸುವರು. ದಾರ ಉರಿದು ಮುಗಿಯುತ್ತಿದ್ದಂತೆ ತಣ್ಣೀರಿನ ಬಾನಿಗೆ ಅದ್ದುವರು. ಗಾಜಿನಲ್ಲಿ ಶಾಖ ಬೇಗ ಹರಿಯುವುದಿಲ್ಲ. ಕಾದದ್ದು ದಾರದ ಗೆರೆಯೊಂದೇ, ಅಕ್ಕಪಕ್ಕ ತಣ್ಣಗೇ ಇರುತ್ತದೆ. ನೀರಿಗೆ ಬಿದ್ದಾಗ ಆ ಗೆರೆ ಒಮ್ಮೆಗೇ ಕುಗ್ಗಿ ಬಿಟ್ಟುಕೊಳ್ಳುತ್ತದೆ. ಎಲ್ಲ ಸಲವೂ ನೆಟ್ಟಗೆ ಬರುತ್ತಿತ್ತು ಅಂದರೆ ಸುಳ್ಳು. ಬಂದಾಗ ಮಾತ್ರ ಅಂಚನ್ನು ನೀರು ಹಾಕಿ ಸಾಣೆಕಲ್ಲಿಗೆ ಉಜ್ಜಿ ನಯ ಮಾಡಿ, ಕೆಳಗಿನ ಅರ್ಧಕ್ಕೆ ನೀರು ತುಂಬಿ ಬಳ್ಳಿ ಇಳಿಬಿಡುತ್ತಿದ್ದರು. ತುಂಡಾಗಿ ಬಿದ್ದ ಕೊರಳಿನ ಬಳೆಯನ್ನು ತುಳಸಿಕಟ್ಟೆಯ ದೀಪದ ಸುತ್ತ ಗಾಳಿಗೆ ಅಡ್ಡ ಇಟ್ಟ ಅವರ ಜಾಣತನವನ್ನು ಬೀದಿಯೇ ಮೆಚ್ಚಿತ್ತು.

ಬೀದಿಯವರು ಬಾಟ್ಲಿ ಕೇಳಿ ಒಯ್ಯುತ್ತಿದ್ದುದೂ ಉಂಟು. ಎದುರು ಮನೆಯವರು ಬೆಳ್ಳುಳ್ಳಿ ಉಪ್ಪಿನಕಾಯಿ ಹಾಕಲು ಒಯ್ದರೆ ಅದನ್ನು ವಾಪಸ್ ಕೇಳುವಂತಿರಲಿಲ್ಲ. ಅಜ್ಜಿ ಅದನ್ನು ದಾನದ ಲೆಕ್ಕಕ್ಕೆ ಬರೆದುಬಿಡುತ್ತಿದ್ದಳು. ಆಲೂಗೆಡ್ಡೆಗೆ ಹೆಸರಾದ ಹಾಸನ ಜಿಲ್ಲೆಯಲ್ಲಿ ಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಮೂರೂ ಇಲ್ಲದ ಅಡುಗೆಮನೆ ನಮ್ಮದು. ಹಾಗಾಗಿ ನಾವು ಕೊಟ್ಟ ಬಾಟ್ಲಿಗಳು ನಮ್ಮ ಬಾಟ್ಲಿಗಳಿಗಿಂತ ರುಚಿಯಾದ ಬದುಕು ಕಂಡಿರಬೇಕು. ಹೊಳೆನರಸೀಪುರದ ಅತ್ತೆ ಗುಂಡಿ, ಸೂಜಿ, ದಾರದುಂಡೆ ಹಾಕಿಟ್ಟಳು. ಇನ್ನೊಂದು ಮನೆಯವರು ಅಂಗಡಿ ಬೀದಿಯಲ್ಲಿ ಕೊಂಡ ಬಳಪದ ಕಲ್ಲಿನ ಗೇಣುದ್ದದ ಗೊಮ್ಮಟನನ್ನು ದೂಳು ಕೂರದಿರಲಿ ಅಂತ ಬಾಟ್ಲಿಯ ಕೆಳಗೆ ನಿಲ್ಲಿಸಿದ್ದರು. ಬೆಟ್ಟದ ಮೇಲೆ ಬಿಸಿಲು ಮಳೆಗೆ ಬತ್ತಲೆ ನಿಂತವನಿಗೆ ಮನೆಯೊಳಗೆ ಗಾಜಿನ ಕೋಣೆ! ಅಜ್ಜಿಗೆ ಇದು ಅಷ್ಟು ಹಿಡಿಸಲಿಲ್ಲ. ಆದರೆ ಪಾತ್ರೆಯಲ್ಲದ್ದನ್ನು ಪಾತ್ರೆ ಮಾಡಿಕೊಳ್ಳುವುದು ನಮ್ಮೂರಿಗೆ ಹೊಸತೂ ಅಲ್ಲ. ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟನ ಸೊಂಟದಿಂದ ಕೆಳಗಿಳಿಯದೆ ಹೋದಾಗ, ಗುಳ್ಳಕಾಯಿಯ ತಿರುಳು ತೆಗೆದು ಅದರ ಓಡಿನಲ್ಲಿ ಹಾಲು ತಂದ ಮುದುಕಿಯಿಂದ ಅಭಿಷೇಕ ಪೂರ್ತಿಯಾಯಿತು ಅನ್ನುವ ಕತೆ ಇಲ್ಲಿನ ಮಕ್ಕಳಿಗೆ ಅಕ್ಷರಕ್ಕೆ ಮೊದಲೇ ಬರುತ್ತದೆ. ಆ ಗುಳ್ಳಕಾಯಜ್ಜಿ ಇವತ್ತಿಗೂ ಬೆಟ್ಟದ ಮೇಲೆ ಸ್ವಾಮಿಗೆ ಎದುರಾಗಿ ನಿಂತಿದ್ದಾಳೆ.

ಎಲ್ಲ ಬಾಟ್ಲಿಗಳಲ್ಲಿ ನಮಗೆ ತೀರಾ ಪ್ರಿಯವಾದದ್ದು ಏನನ್ನೂ ತುಂಬದ ಒಂದು ಬಾಟ್ಲಿ. ಅದು ಬಾಗಿಲ ಹಿಂದಿನ ಗೂಡಿನಲ್ಲಿ ಬೋರಲಾಗಿ ಇರುತ್ತಿತ್ತು, ಜೊತೆಗೆ ಒಂದು ರಟ್ಟು. ಬಂಡೆಯ ಊರು, ಮಳೆ ಬಿದ್ದರೆ ಚೇಳು ಮನೆಯೊಳಗೆ. ಬೇರೆ ಮನೆಗಳಲ್ಲಿ ಚೇಳು ಕಂಡರೆ ಚಪ್ಪಲಿ ಹುಡುಕುತ್ತಿದ್ದರು. ನಮ್ಮಲ್ಲಿ "ಬಾಟ್ಲಿ ತನ್ನಿ" ಅನ್ನುವ ಕೂಗು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಾಟ್ಲಿಯನ್ನು ಚೇಳಿನ ಮೇಲೆ ಕವುಚಿ, ಅಡಿಯಿಂದ ರಟ್ಟನ್ನು ನವಿರಾಗಿ ಜಾರಿಸಿ, ಎರಡನ್ನೂ ಒತ್ತಿ ಹಿಡಿದು ಎತ್ತುವಳು. ಗಾಜಿನೊಳಗೆ ಚೇಳು ಬಾಲ ಎತ್ತಿ ಸುತ್ತುವುದನ್ನು ನಾವು ಮೂವರೂ ಬಾಯಿ ಬಿಟ್ಟು ನೋಡುತ್ತಿದ್ದೆವು. ಆಮೇಲೆ ಲಾಟೀನು ಹಿಡಿದು ಮೆರವಣಿಗೆ ಹೊರಡುತ್ತಿತ್ತು. ಮುಂದೆ ಅಕ್ಕ, ನಡುವೆ ಅಜ್ಜಿ, ಹಿಂದೆ ನಾನು, ತಮ್ಮ. ಮನೆಗಳು ಮುಗಿದು ಬಂಡೆ ಶುರುವಾಗುವ ಕಡೆ ರಟ್ಟು ಸರಿಸಿ ಬಿಟ್ಟು ಬರುವುದು. ಜೇಡ, ಜರಿ, ಕಡಜ, ಎಲ್ಲಕ್ಕೂ ಅದೇ ವಾಹನ. ಹಾಗಂತ ಮಿಣುಕುಹುಳ ಹಿಡಿದು ಬಾಟ್ಲಿಯಲ್ಲಿಟ್ಟು ದೀಪ ಮಾಡಲು ಹೊರಟರೆ ಅಜ್ಜಿ ಒಪ್ಪಳು. ಹೊರಗೆ ಬಿಡಲು ಹಿಡಿಯಬಹುದು, ಇಟ್ಟುಕೊಳ್ಳಲು ಹಿಡಿಯಬಾರದು ಅನ್ನುವುದು ಅವಳ ಕಾನೂನು.

1993ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ಅಪ್ಪನ ಹಲಗೆಯ ಮೇಲೆ ಪ್ಲಾಸ್ಟಿಕ್ ಡಬ್ಬಿಗಳು ಬಂದಿದ್ದವು. ಹಗುರ, ಒಡೆಯುವ ಭಯವಿಲ್ಲ, ಅದನ್ನು ತಪ್ಪು ಅನ್ನಲಾರೆ. 2006ಕ್ಕೆ ಪೆಪ್ಪರಮೆಂಟುಗಳೆಲ್ಲ ಬಣ್ಣದ ಪೊಟ್ಟಣ ಸೇರಿ ಸರಮಾಲೆಯಾಗಿ ನೇತಾಡತೊಡಗಿದ್ದವು, ಡಬ್ಬಿಗೂ ಕೆಲಸವಿಲ್ಲ. 2018ರಲ್ಲಿ ನಾನು ಊರಿಗೆ ಬಂದಾಗ ಅಂಗಡಿಯೇ ಬೇರೆಯವರದ್ದಾಗಿತ್ತು. ಹಾಸನದಿಂದ ಬೆಂಗಳೂರಿಗೆ ರೈಲು ನಮ್ಮೂರಿನ ಮೇಲೆಯೇ ಓಡಾಡುತ್ತಿತ್ತು.

ಮನೆ ಪಾಲಾದಾಗ ಹಿತ್ತಾಳೆಯನ್ನು ತಕ್ಕಡಿಗೆ ಹಾಕಿ ತೂಗಿದರು. ಒಂದು ಹಂಡೆಗಾಗಿ ದೊಡ್ಡವರ ನಡುವೆ ಸ್ವಲ್ಪ ಮಾತೂ ಬೆಳೆಯಿತು. ಗಾಜನ್ನು ಯಾರೂ ತೂಗಲಿಲ್ಲ, ಬೇಕಾದವರು ಬೇಕಾದಷ್ಟು ಒಯ್ದರು. ನಾನು ಹಿಟ್ಟಿನ ಬಾಟ್ಲಿ ತಂದೆ. ತಿಥಿಯ ಚೀಟಿ ಈಗಿಲ್ಲ, ಮುಚ್ಚಳ ತುಕ್ಕು ಹಿಡಿದು ಹೋದದ್ದರಿಂದ ಒಂದು ಸ್ಟೀಲ್ ತಟ್ಟೆ ಮುಚ್ಚಿದ್ದೇನೆ. ತಮ್ಮ ಉಪ್ಪಿನಕಾಯಿಯದ್ದು ತೆಗೆದುಕೊಂಡು ಅದರಲ್ಲಿ ಮಗನ ಚಿಲ್ಲರೆ ಕಾಸು ಹಾಕಿಸುತ್ತಿದ್ದಾನೆ. ಚೇಳಿನ ಬಾಟ್ಲಿಗೆ ಅಕ್ಕ ಮೊದಲೇ ಕೈ ಹಾಕಿದ್ದಳು.

ಬೆಂಗಳೂರಿನಲ್ಲಿ ಅವಳಿರುವುದು ನಾಲ್ಕನೇ ಮಹಡಿ. ಅಲ್ಲಿಗೆ ಚೇಳು ಹತ್ತಿ ಬರುತ್ತದೆಯೇ ಅಂತ ನಾನು ರೇಗಿಸಿದ್ದೆ. ಮೊನ್ನೆ ಫೋನು ಮಾಡಿ, "ಹಲ್ಲಿ ಹಿಡಿದೆ ಕಣೇ, ರಟ್ಟು ಸಿಗಲಿಲ್ಲ, ಮದುವೆ ಇನ್ವಿಟೇಷನ್ ಹಾಕಿ ಲಿಫ್ಟಲ್ಲಿ ಕೆಳಗೆ ತಗೊಂಡು ಹೋದೆ. ಲಿಫ್ಟಲ್ಲಿದ್ದ ಹೆಂಗಸು ಎರಡನೇ ಮಹಡಿಯಲ್ಲೇ ಇಳಿದುಬಿಟ್ಟಳು" ಅಂದಳು.

"ಹಲ್ಲಿ ಎಲ್ಲಿ ಬಿಟ್ಟೆ?"

"ಪಾರ್ಕಿಂಗಲ್ಲಿ. ಬಂಡೆ ಎಲ್ಲಿಂದ ತರಲಿ ಇಲ್ಲಿ?"